ಸೊಂಟದ ಕೀಲ್ಬಟ್ಟಲ ಮುರಿತ: 45 ಡಿಗ್ರಿಯ ನಿಯಮ
ಸೊಂಟದ ಕೀಲಿನ ಬಟ್ಟಲು ಮುರಿದಾಗ ಶಸ್ತ್ರಕ್ರಿಯೆ ಅವಶ್ಯವೇ ಎಂಬುದನ್ನು ನಿರ್ಣಯಿಸಲು ಜೋಯೆಲ್ ಮಟ್ಟಾ ಮತ್ತು ಸಂಗಡಿಗರು 1986ರಲ್ಲಿ ಒಂದು ಕೋನಮಾನವನ್ನು ಮುಂದಿಟ್ಟರು. ತೊಡೆಯೆಲುಬಿನ ತಲೆಯ ಕೇಂದ್ರದಿಂದ ನೇರ ಮೇಲಕ್ಕೊಂದು ಗೆರೆ, ಬಟ್ಟಲ ಬಿರುಕಿನೆಡೆಗೆ ಇನ್ನೊಂದು; ಎದುರಿನಿಂದಲೂ ಎರಡು ಓರೆಗಳಿಂದಲೂ ತೆಗೆದ ಕ್ಷಕಿರಣ ಚಿತ್ರಗಳಲ್ಲೆಲ್ಲ ಇವುಗಳ ನಡುವಣ ಕೋನ 45 ಡಿಗ್ರಿಯನ್ನು ಮೀರಿ, ತಲೆಯು ಬಟ್ಟಲಲ್ಲಿ ಸರಿಯಾಗಿ ಕುಳಿತಿದ್ದರೆ ಶಸ್ತ್ರಕ್ರಿಯೆಯನ್ನು ಬಿಡಬಹುದು. ವಿಧಾನವೇನೋ ಸರಳ. ಆದರೆ ಮೂರು ದಿಕ್ಕಿಗೂ ಒಂದೇ ಅಳತೆಯೆಂಬುದನ್ನು ನಾವು ಒಪ್ಪಲಾರೆವು. 1999ರಲ್ಲಿ ವ್ರಾಹಾಸ್ ಮೊದಲಾದವರು ಶವಗಳ ಕೀಲುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕೀಲು ಜಾರದಿರಲು ಒಳಬದಿಗೆ 45, ಮುಂಬದಿಗೆ 25 ಡಿಗ್ರಿ ಸಾಕಾದರೆ, ಹಿಂಬದಿಗೆ 70 ಬೇಕಾಯಿತು. ಕುರ್ಚಿಯಿಂದ ಏಳುವಾಗ ಭಾರ ಬೀಳುವುದು ಹಿಂಬದಿಯ ಮೇಲೆಯೇ ಅಲ್ಲವೆ? ಹಿಂಗೋಡೆಯೊಂದೇ ಒಡೆದಲ್ಲಿ ಈ ಕೋನ ಏನನ್ನೂ ಹೇಳದು. ಅಲ್ಲಿ ಅರಿವಳಿಕೆ ಕೊಟ್ಟು, ತೊಡೆಯನ್ನು ಮಡಿಸಿ ಒತ್ತಿ, ತಲೆಯು ಜಾರುವುದೇ ಎಂದು ಕ್ಷಕಿರಣದಲ್ಲಿ ಕಣ್ಣಾರೆ ನೋಡಬೇಕು.