ಕಟ್ಟಿಯಕ್ಕಾರ

ಕೃಷ್ಣಗಿರಿ ಸೀಮೆಯ ದ್ರೌಪದಮ್ಮನ ಗುಡಿಗಳಲ್ಲಿ ಮಹಾಭಾರತದ ಉತ್ಸವವೆಂದರೆ ಹಗಲು ಕಥೆ, ರಾತ್ರಿಯಿಡೀ ತೆರುಕ್ಕೂತ್ತು ಎಂಬ ತಮಿಳು ಬಯಲಾಟ. ಅಲ್ಲಿ ನನಗೆ ಅರ್ಜುನನಿಗಿಂತ ಆಟದ ವಿದೂಷಕ ಕಟ್ಟಿಯಕ್ಕಾರನೇ ಇಷ್ಟ. ತೆರೆಯ ಹಿಂದೆ ದುರ್ಯೋಧನನ ಗೆಜ್ಜೆ ಸದ್ದಾಗುತ್ತಿದ್ದಂತೆ ಈಚೆ ನಿಂತು, ನೀನು ಯಾರು, ಯಾವ ದೇಶದ ದೊರೆ ಎಂದು ಕೆಣಕುತ್ತಾನೆ. ಉತ್ತರ ಬರುತ್ತಲೇ ವೇಷಕ್ಕೆ ಜೀವ. ಮರುಗಳಿಗೆ ಇವನೇ ಕಾವಲುಗಾರ, ಇವನೇ ದೂತ. ಜನ ತೂಕಡಿಸಿದರೆ ಊರ ಸುದ್ದಿ ಎಳೆತಂದು ನಗಿಸುತ್ತಾನೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸಿ ಆಡುವ ಆಟವನ್ನು ನಡೆಸುವವನದೂ ಇದೇ ಕಸುಬು: ಏನು ಮಾಡುತ್ತೀರಿ ಎಂದು ಆಟಗಾರರನ್ನು ಕೇಳುತ್ತಾ, ಎದುರಾಗುವ ಉಳಿದೆಲ್ಲ ಪಾತ್ರ ತಾನೇ ಆಗುವುದು. ಅಲ್ಲಿ ಸೋಲು ಗೆಲುವಿಗೆ ದಾಳವಿದೆ. ಇಲ್ಲಿ ದುರ್ಯೋಧನ ಸಾಯುವುದು ಎಲ್ಲರಿಗೂ ಗೊತ್ತು. ಕೊನೆಯ ದಿನ ಬಯಲಲ್ಲಿ ಅವನ ಭಾರೀ ಮಣ್ಣಿನ ಮೂರ್ತಿ ಮಲಗಿರುತ್ತದೆ. ಆದರೂ ಬೆಳಗಾಗುವವರೆಗೆ ಜನರನ್ನು ಕೂರಿಸುತ್ತಾನಲ್ಲ, ಕಟ್ಟಿಯಕ್ಕಾರನದೇ ಹೆಚ್ಚು ಕಷ್ಟದ ವಿದ್ಯೆ ಎನ್ನುತ್ತೇನೆ.