ಗುಲಾಬಿಯ ಹೊಸಿಲು

ಕುಂದಾಪುರದವರಾದ ವೈದೇಹಿಯವರ ಕತೆಯಲ್ಲಿ ಊರಿಗೆ ಬರುವುದು ಸಿನೆಮಾ ಟಾಕೀಸು. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಅದು ಕುಂದಾಪುರದ ಕಡೆಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವ ಬಣ್ಣದ ಟಿ.ವಿ.ಯಾಗಿದೆ. ಈ ಬದಲಾವಣೆ ಸಣ್ಣದಲ್ಲ. ಟಿಕೇಟು ಕೊಂಡು ಟಾಕೀಸಿಗೆ ಹೋದವರಿಗೆ ಯಾರ ಹಂಗೂ ಇಲ್ಲ. ಗುಲಾಬಿಯ ಮನೆಯಲ್ಲಿ ಟಿ.ವಿ. ನೋಡುವ ಹೆಂಗಸರಾದರೋ ಒಬ್ಬ ಮುಸ್ಲಿಮ್ ಹೆಣ್ಣಿನ ಹೊಸಿಲು ದಾಟಿ ಬಂದ ಅತಿಥಿಗಳು.

1999ರ ಕಾರ್ಗಿಲ್ ಯುದ್ಧದ ಸುದ್ದಿಯೂ ಟಿ.ವಿ.ಯಲ್ಲೇ ಬರುತ್ತದೆ. ಟ್ರಾಲರುಗಳಿಂದ ಹೊಟ್ಟೆಪಾಡಿಗೆ ಕುತ್ತು ಬಂದ ಸಣ್ಣ ದೋಣಿಯವರ ಸಿಟ್ಟು ಮೆಲ್ಲನೆ ಧರ್ಮದ ಬಣ್ಣ ಪಡೆಯುತ್ತದೆ. ಹೆರಿಗೆ ಮಾಡಿಸಿದ ಕೈಯನ್ನೇ ಊರು ಹೊರಗೆ ನೂಕುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಅಭಿನಯ ಈ ನೋವನ್ನು ಅಬ್ಬರವಿಲ್ಲದೆ ಮುಟ್ಟಿಸುತ್ತದೆ.

ನಮ್ಮದೊಂದು ತಕರಾರಿದೆ. ಗಂಡ ಮೂಸಾ ಬಿಟ್ಟುಹೋದ ಗುಲಾಬಿಯನ್ನು ಅವಳ ಸಮುದಾಯ ಹೇಗೆ ನಡೆಸಿಕೊಂಡಿತೆಂಬುದನ್ನು ಚಿತ್ರ ಆಳವಾಗಿ ಕೆದಕುವುದಿಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಟಿ.ವಿ. ನೋಡಲು ಯಾರೂ ನೆರೆಮನೆಗೆ ಹೋಗಬೇಕಾಗಿಲ್ಲ. ಕೈಯಲ್ಲೇ ಪರದೆಯಿದೆ, ವದಂತಿಯೂ ಅಲ್ಲಿಗೇ ಬಂದು ತಲುಪುತ್ತದೆ. ಅದು ಸುಳ್ಳೋ ನಿಜವೋ ಎಂದು ಕೇಳಿ ತಿಳಿಯಲು ನೆರೆಯವರ ಹೊಸಿಲು ದಾಟುವ ರೂಢಿ ನಮ್ಮಲ್ಲಿ ಉಳಿದಿದೆಯೇ?