ಹನ್ನೆರಡು ದಾಟಿದ ಓದುಗನ ಕೈಗೆ

ಮಾಸಪತ್ರಿಕೆಗಳ ಕೊನೆಯ ಪುಟಗಳಲ್ಲಿ 'ಸಾದರ ಸ್ವೀಕಾರ' ಎಂಬ ಅಂಕಣವಿರುವುದನ್ನು ವಾಚಕರು ಬಲ್ಲರು. ಗ್ರಂಥದ ಹೆಸರು, ಕರ್ತೃ, ಪುಟ, ಬೆಲೆ ಇಷ್ಟನ್ನು ಹೇಳಿದರೆ ಅದರ ಕೆಲಸ ಮುಗಿಯಿತು. ಕಾವ್ಯವ್ಯಾಖ್ಯಾನವೊಂದು ಬಂದರೆ ಎರಡು ಪುಟ ವಿಮರ್ಶೆ ಬರೆಯುವ ನಾವು, ಮಕ್ಕಳ ಕಾದಂಬರಿ ಬಂದರೆ ಅದನ್ನು ಈ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತೇವೆ. ಈ ಲೇಖಕನೂ ಆ ದೋಷಕ್ಕೆ ಹೊರತಾದವನಲ್ಲ.

ಕನ್ನಡದ ಶಿಶುಸಾಹಿತ್ಯ ಬಡವಾದುದೇನೂ ಅಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ, ಹೊಯ್ಸಳ, ಸಿದ್ಧಯ್ಯ ಪುರಾಣಿಕ ಮೊದಲಾದವರು ಎಳೆಯರ ನಾಲಿಗೆಗೆ ನುಡಿಯ ಲಯವನ್ನು ಕಲಿಸಿದರು. ಕುವೆಂಪು ಅವರು ಆಂಗ್ಲ ಕವಿ ಬ್ರೌನಿಂಗನ ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ಕರೆತಂದು ನಮ್ಮವನನ್ನಾಗಿ ಮಾಡಿದರು. ಶಿವರಾಮ ಕಾರಂತರ 'ಬಾಲಪ್ರಪಂಚ', ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಬೆಳೆಯುವ ಮಕ್ಕಳ ಕುತೂಹಲಕ್ಕೆ ಒದಗಿಬಂದವು. ಆದರೆ ಶಿಶುಗೀತೆಯ ವಯಸ್ಸು ಕಳೆದು, ಪ್ರೌಢ ಕಾದಂಬರಿಯ ವಯಸ್ಸು ಇನ್ನೂ ಬಾರದ, 12ರಿಂದ 16ರ ನಡುವಣ ಓದುಗನಿಗೆ ಕಥೆಯಾಗಿ ಏನನ್ನು ಕೊಡುತ್ತೇವೆ? ಈ ನಾಲ್ಕು ವರ್ಷಗಳಲ್ಲಿ ಕನ್ನಡದ ಓದನ್ನು ಬಿಟ್ಟವನು ಮುಂದೆ ಅದಕ್ಕೆ ಮರಳುವುದು ವಿರಳ.

ಅವರಿಗೆ ತಕ್ಕ ಪುಸ್ತಕಗಳೇ ಇಲ್ಲವೆಂಬುದು ಎಲ್ಲೆಡೆ ಕೇಳಿಬರುವ ದೂರು. ಅದು ಪೂರ್ತಿ ನಿಜವಲ್ಲ. ಸಾಹಿತ್ಯ ಅಕಾದೆಮಿಯು 2010ರಿಂದ ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರ ಕೊಡುತ್ತ ಬಂದಿದೆ. ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯವರನ್ನು ಕುರಿತು ಬರೆದ ಪುಸ್ತಕಕ್ಕೆ ಸಂದಿತು. 2011ರಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಅದನ್ನು ಪಡೆಯಿತು. ಡಿಸೋಜರು ಶರಾವತಿ ಯೋಜನೆಯ ಪ್ರದೇಶದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನುಂಗಿದ ಊರುಗಳ ಅಳಲನ್ನು ಹತ್ತಿರದಿಂದ ಕಂಡವರು. ದೊಡ್ಡವರಿಗಾಗಿ 'ಮುಳುಗಡೆ', 'ದ್ವೀಪ'ಗಳನ್ನು ಬರೆದ ಲೇಖನಿಯೇ ಮುಳುಗುವ ಊರನ್ನು ಮಕ್ಕಳ ಪುಸ್ತಕಕ್ಕೂ ತಂದಿತು. ಇಷ್ಟು ದೊಡ್ಡ ದುಃಖವನ್ನು ಎಳೆಯರಿಂದ ಮರೆಮಾಚಬೇಕೆಂದು ಅವರಿಗೆ ತೋರಲಿಲ್ಲ. 2025ರಲ್ಲಿ ಅವರು ತೀರಿಕೊಂಡಾಗ ಅವರ ಕಾದಂಬರಿಗಳನ್ನೂ ಚಲನಚಿತ್ರವನ್ನೂ ನೆನೆದ ನಾವು ಈ ಗುಣವನ್ನು ಎಷ್ಟು ನೆನೆದೆವು?

ಆಮೇಲಿನ ವರ್ಷಗಳಲ್ಲಿ ಒಂದು ಸಂಗತಿ ಗಮನಾರ್ಹ. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಹೀಗೆ ಸತತವಾಗಿ ಮೂರು ವರ್ಷ ಪುರಸ್ಕೃತವಾದವು ಕಾದಂಬರಿಗಳೇ. ಆ ಹೆಸರುಗಳನ್ನಾದರೂ ನೋಡಿ: ಮನೆಬಿಟ್ಟ ಹುಡುಗ, ಕತ್ತಲೆಯ ಗವಿ, ಹೂವಿನಿಂದ ಹೂವಿಗೆ ಹಾರುವ ಪುಟ್ಟ ಹಕ್ಕಿ. ಯಾವುದೂ ನೀತಿಪಾಠದ ಹೆಸರಲ್ಲ. ಹಾಗಿದ್ದೂ ಪುಸ್ತಕ ಕೊಳ್ಳುವ ಹಿರಿಯರು ಮೊದಲು ಕೇಳುವ ಪ್ರಶ್ನೆ "ಇದರಿಂದ ಮಗು ಕಲಿಯುವ ನೀತಿ ಏನು?" ಎಂಬುದೇ. ನೀತಿ ಬೇಡವೆಂಬುದು ನಮ್ಮ ವಾದವಲ್ಲ. ಕಥೆಯ ಕೊನೆಗೆ ಬಾಲದಂತೆ ಅಂಟಿಸಿದ ನೀತಿಯನ್ನು ಹದಿಮೂರರ ಹುಡುಗ ದೂರದಿಂದಲೇ ಗುರುತಿಸಿ ಪುಟ ಮಗುಚುತ್ತಾನೆ, ಅಷ್ಟೆ.

ಹೊಸ ಪುಸ್ತಕವನ್ನು ಆರಿಸುವಾಗ ಮೊದಲ ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದುವುದು ಒಳ್ಳೆಯದು. ಲೇಖಕ ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡುತ್ತಿದ್ದಾನೋ, ಕುರ್ಚಿಯ ಮೇಲೆ ನಿಂತು ಉಪದೇಶಿಸುತ್ತಿದ್ದಾನೋ ಎಂಬುದನ್ನು ಕಿವಿಯೇ ಹೇಳುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಅನುವಾದಗಳೂ ಇವೆ. ಅವುಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಚಿತ್ರ ಚೆಲುವಾಗಿದ್ದು ಕೆಳಗಿನ ಮಾತು ಬಾಯಲ್ಲಿ ಹೊರಳದಿದ್ದರೆ ಅದು ಅರ್ಧ ಪುಸ್ತಕ.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಗ್ರಂಥಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು. ದಾಖಲೆ ಪುಸ್ತಕದಲ್ಲಿ ಕ್ರಮಾಂಕಗಳು ಅಚ್ಚುಕಟ್ಟಾಗಿದ್ದವು. ಎರವಲು ವಹಿ ಖಾಲಿಯಿತ್ತು. ಮಕ್ಕಳು ಹರಿದಾರು ಎಂಬ ಭಯವಂತೆ. ಒತ್ತಾಯಿಸಿ ಬೀಗ ತೆಗೆಸಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಒಂದು ಹೊಸ ಕಾದಂಬರಿಯನ್ನು ಕೊಡಿಸಿದೆ. ಮುಂದಿನ ತಿಂಗಳು ಹೋದಾಗ ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಸರ್, ಇಂಥಾದ್ದು ಇನ್ನೊಂದ ಐತೇನ್ರಿ?"

ಇತ್ತು. ಆದರೆ ಆ ಊರಿನ ಅಂಗಡಿಯಲ್ಲಿ ಪರೀಕ್ಷೆಯ ಗೈಡುಗಳ ಹೊರತು ಬೇರೇನೂ ಇರಲಿಲ್ಲ. ಪ್ರಕಾಶಕರಿಗೆ ಬರೆದು ಅಂಚೆಯಲ್ಲಿ ತರಿಸಿಕೊಡಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವಳು ಮೊದಲನೆಯದನ್ನೇ ಇನ್ನೊಮ್ಮೆ ಓದಿ ಮುಗಿಸಿದ್ದಳು.